ಎಲ್ಲರೂ ಬಳಸಬಲ್ಲ ಕನ್ನಡ ಜಾಲತಾಣ: ಮಾಡುವುದು ಹೇಗೆ?

ಕಲಬುರಗಿಯ ಕಾಲೇಜು, ಸಹಕಾರ ಸಂಘ, ದಾಲ್ ಮಿಲ್‌ಗಳ ಜಾಲತಾಣಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಪ್ರವೇಶದ ಪ್ರಕಟಣೆಯಾಗಲಿ, ತೊಗರಿಯ ದರಪಟ್ಟಿಯಾಗಲಿ, ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಚಿತ್ರವಾಗಿ ಪುಟಕ್ಕೆ ಬಂದಿರುತ್ತದೆ. ದೃಷ್ಟಿದೋಷವುಳ್ಳವರು ಬಳಸುವ ಟಾಕ್‌ಬ್ಯಾಕ್ (ಫೋನ್‌ನಲ್ಲಿ), ಎನ್‌ವಿಡಿಎ (ಕಂಪ್ಯೂಟರ್‌ನಲ್ಲಿ) ಮುಂತಾದ ಪರದೆ ಓದುವ ತಂತ್ರಾಂಶಗಳು ಪಠ್ಯವನ್ನು ಸರಾಗವಾಗಿ ಓದಿ ಹೇಳುತ್ತವೆ. ಇಂಥ ಚಿತ್ರ ಎದುರಾದರೆ ಹೆಚ್ಚಿನ ಸಲ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತವೆ. ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟಕುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆದ್ದರಿಂದ ಇದನ್ನು ಉಪಕಾರವೆಂದು ಭಾವಿಸಬಾರದು.

ಮೊದಲ ಹಂತ, ಪಠ್ಯವನ್ನು ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಸಾರ್ವತ್ರಿಕ ವ್ಯವಸ್ಥೆಯಲ್ಲಿ, ಇಡುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಚೇರಿಗಳ ಹಳೆಯ ಕಡತಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ; ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಇವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶ ಬಳಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಕಳಪೆ ಪರಿವರ್ತಕ ಈ ಸ್ಥಾನ ಬದಲಿಸದೆ ‘ವರ್ಷ’ವನ್ನು ‘ವಷರ್’ ಎಂದೂ ‘ಅರ್ಜಿ’ಯನ್ನು ‘ಅಜಿರ್’ ಎಂದೂ ಮಾಡಿಬಿಡುತ್ತದೆ. ‘ರ್’ ಇರುವ ಪದಗಳನ್ನು ಹುಡುಕಿ, ತಪ್ಪಾಗಿರುವವನ್ನು ಒಂದೊಂದಾಗಿ ತಿದ್ದಬೇಕು. ಇನ್ನೊಂದು ದೋಷ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ: ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕುಳಿತಿರುತ್ತದೆ. ‘ಸ೦ಘ’ ಮತ್ತು ‘ಸಂಘ’ ನೋಡಲು ಒಂದೇ. ಆದರೆ ಓದುವ ತಂತ್ರಾಂಶ ಮೊದಲನೆಯದನ್ನು ಸರಿಯಾಗಿ ಉಚ್ಚರಿಸಲಾರದು, ಪುಟದಲ್ಲಿ ಹುಡುಕಿದರೂ ಆ ಪದ ಸಿಗದೆ ಹೋಗಬಹುದು. ಪಠ್ಯದಲ್ಲಿ ಸೊನ್ನೆಯನ್ನೇ ಹುಡುಕಿ, ಅಕ್ಷರಗಳ ನಡುವೆ ಇರುವಲ್ಲೆಲ್ಲ ಅನುಸ್ವಾರ ಹಾಕಿ. ಇಷ್ಟಾದ ಮೇಲೆ ಪಿಡಿಎಫ್ ಮಾಡಿ ಹಾಕುವ ಆಸೆ ಬಿಟ್ಟು, ಪ್ರಕಟಣೆಯನ್ನು ಪುಟದಲ್ಲೇ ಪಠ್ಯವಾಗಿ ಹಾಕುವುದು ಉತ್ತಮ. ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರಗಳು ಮತ್ತೆ ಕೆಡುವ ಸಂಭವ ಹೆಚ್ಚು.

ಓದುವ ತಂತ್ರಾಂಶಕ್ಕೆ ತಿಳಿಯುವಂತೆ, ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನ (ಪುಟ ಕಟ್ಟುವ ಕೋಡ್‌ನ) ‘ಲ್ಯಾಂಗ್’ ಗುಣದಲ್ಲಿ ನಮೂದಿಸಿ. ಚಿತ್ರಗಳಲ್ಲಿ ಏನಿದೆಯೆಂದು ಓದಿ ಹೇಳಲು ನೆರವಾಗುವ ‘ಆಲ್ಟ್’ ವಿವರಣೆ ಬರೆಯಿರಿ.

ಫಾಂಟ್ ನೋಟೊ ಸಾನ್ಸ್ ಕನ್ನಡವೇ ಇರಲಿ ಎಂಬುದು ನನ್ನ ದೃಢವಾದ ಸಲಹೆ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತುಗಳು ಕೆಳಗಿನ ಸಾಲಿಗೆ ತಾಗಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ವೈದೃಶ್ಯ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ತಿಳಿಬೂದು ಅಕ್ಷರವನ್ನು ಬಿಳಿಯ ಮೇಲೆ ಬರೆದರೆ, ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನಿಂತು ಫೋನ್ ನೋಡುವವರಿಗೆ, ಕಣ್ಣು ಎಷ್ಟೇ ಚೆನ್ನಾಗಿದ್ದರೂ, ಅದು ಕಾಣಿಸುವುದಿಲ್ಲ.

ಅರ್ಜಿ ನಮೂನೆಯಲ್ಲಿ ‘ಹೆಸರು’, ‘ಮೊಬೈಲ್ ಸಂಖ್ಯೆ’ ಎಂಬ ಸೂಚನೆಗಳನ್ನು ಖಾನೆಯ ಒಳಗಷ್ಟೇ ಮಸುಕಾಗಿ ಬರೆಯುವ ಅಭ್ಯಾಸವನ್ನು ಕೈಬಿಡಬೇಕು. ಟೈಪ್ ಮಾಡಲು ಆರಂಭಿಸಿದ ಕೂಡಲೇ ಅವು ಮಾಯವಾಗುತ್ತವೆ. ಖಾನೆಯ ಮೇಲೆ ‘ಲೇಬಲ್’ ಇಟ್ಟು, ಅದನ್ನು ಕೋಡ್‌ನಲ್ಲಿ ಆ ಖಾನೆಗೆ ಕೊಟ್ಟ ಗುರುತಿಗೆ, ಅಂದರೆ ‘ಐಡಿ’ಗೆ, ಜೋಡಿಸಿ. ತಪ್ಪಾದ ಖಾನೆಯನ್ನು ಕೆಂಪು ಮಾಡಿದರೆ ಸಾಲದು. ‘ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು’ ಎಂದು ಮಾತಿನಲ್ಲಿ ತಿಳಿಸಬೇಕು.

ಒಂದೇ ಸಾಲಿನ ಕೋಡ್ ಸೇರಿಸಿದರೆ ತಾಣ ಎಲ್ಲರಿಗೂ ಸುಗಮವಾಗುತ್ತದೆಂದು ಮಾರುವ ವಿಜೆಟ್‌ಗಳಿಗೆ ಹಣ ಸುರಿಯಬೇಡಿ. ಲೇಬಲ್ ಇಲ್ಲದ ಖಾನೆಗೆ ಸರಿಯಾದ ಹೆಸರನ್ನು, ಸ್ಕ್ಯಾನ್ ಮಾಡಿದ ಪ್ರಕಟಣೆಗೆ ನಂಬಬಹುದಾದ ಪಠ್ಯವನ್ನು ಅವು ಒದಗಿಸಲಾರವು.

ಕೊನೆಯದಾಗಿ ಪರೀಕ್ಷೆ. ಮೌಸ್ ತೆಗೆದಿಟ್ಟು, ಟ್ಯಾಬ್, ಎಂಟರ್ ಮುಂತಾದ ಕೀಲಿಗಳಿಂದಲೇ ಅರ್ಜಿ ತುಂಬಿ ನೋಡಿ. ಎನ್‌ವಿಡಿಎ ಉಚಿತವಾಗಿಯೇ ಸಿಗುತ್ತದೆ. ಅದನ್ನು ಹಾಕಿಕೊಂಡು, ಪರದೆಯನ್ನು ಆಫ್ ಮಾಡಿ ಪುಟವನ್ನು ಕೇಳಿ. ಬಳಿಕ ಎನ್‌ವಿಡಿಎಯನ್ನು ನಿತ್ಯ ಬಳಸುವವರೊಬ್ಬರನ್ನು ಕರೆಸಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು, ಅವರು ಅರ್ಜಿ ತುಂಬುವಾಗ ನೀವು ನೆರವಾಗದೆ ಪಕ್ಕದಲ್ಲಿ ಕುಳಿತು, ಎಲ್ಲೆಲ್ಲಿ ನಿಂತರೆಂಬುದನ್ನು ಬರೆದುಕೊಳ್ಳಿ.