ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳಲು ಕಲಿತ ಬಗೆ

ವಿದ್ಯಾರ್ಥಿಯಾಗಿ ಮೊದಲ ಬಾರಿ ವಾರ್ಡಿಗೆ ಹೋದಾಗ ನನ್ನ ಕೋಟಿನ ಜೇಬಿನಲ್ಲಿ ಕೇಸ್ ಬರೆಯುವ ಕ್ರಮದ ಒಂದು ಪಟ್ಟಿಯಿತ್ತು: ಮುಖ್ಯ ತೊಂದರೆ, ಅದು ಶುರುವಾದ ಬಗೆ, ಹಿಂದಿನ ಕಾಯಿಲೆಗಳು, ಮನೆಯವರ ಕಾಯಿಲೆಗಳು, ಅಭ್ಯಾಸಗಳು, ಸೇವಿಸುತ್ತಿರುವ ಔಷಧಗಳು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳ ಪರೀಕ್ಷೆ ಮುಗಿಸಿ ಬಂದಿದ್ದ ನಾನು, ಆ ಪಟ್ಟಿಯ ಖಾಲಿ ಜಾಗಗಳನ್ನು ತುಂಬಿದರೆ ರೋಗ ತಾನಾಗಿ ಹೊರಬೀಳುತ್ತದೆ ಎಂದು ನಂಬಿದ್ದೆ.

ಆ ನಂಬಿಕೆಯನ್ನು ತಿದ್ದಿದವರು ಉಸಿರಾಟದ ತೊಂದರೆಯಿಂದ ದಾಖಲಾಗಿದ್ದ ಒಬ್ಬ ಹಿರಿಯರು. ಮೂರು ವಾರಗಳಿಂದ ಉಸಿರು ಸಾಲುತ್ತಿಲ್ಲ ಎಂದು ಅವರು ಮಾತು ಆರಂಭಿಸಿ, 'ಅದರಲ್ಲೂ ರಾತ್ರಿ...' ಎನ್ನುತ್ತಿದ್ದಂತೆ ನಾನು ಮುಂದಿನ ಪ್ರಶ್ನೆಗೆ ಹೋದೆ: ದೂಳು, ಹೊಗೆ ಆಗಿಬರುವುದಿಲ್ಲವೇ? ಇಲ್ಲ ಎಂದರು. ಸ್ಟೆತಾಸ್ಕೋಪ್ ಇಟ್ಟಾಗ ಎದೆಯಲ್ಲಿ ಸಿಳ್ಳಿನಂತಹ ಸದ್ದು ಕೇಳಿಸಿತು. ಅಸ್ತಮಾ ಎಂದು ಬರೆದುಕೊಂಡು, ರೌಂಡ್ಸ್‌ಗೆ ಬಂದ ಪ್ರಾಧ್ಯಾಪಕರ ಮುಂದೆ ಹಾಗೆಯೇ ಒಪ್ಪಿಸಿದೆ. ಅವರು ನನ್ನನ್ನು ಏನೂ ಕೇಳದೆ, ಸ್ಟೂಲ್ ಎಳೆದುಕೊಂಡು ಹಾಸಿಗೆಯ ಪಕ್ಕದಲ್ಲಿ ಕುಳಿತು, 'ರಾತ್ರಿ ಹೇಗೆ ಕಳೆಯುತ್ತೀರಿ?' ಎಂದು ಕೇಳಿ ಸುಮ್ಮನಾದರು. ಮಲಗಿದರೆ ಉಸಿರು ಕಟ್ಟುತ್ತದೆ, ಮೂರು ದಿಂಬು ಇಟ್ಟುಕೊಂಡು ಒರಗಬೇಕು, ಆದರೂ ನಡುರಾತ್ರಿ ಎಚ್ಚರವಾಗಿ ಕಿಟಕಿಯ ಬಳಿ ಹೋಗಿ ಕೂರುತ್ತೇನೆ ಎಂದು ರೋಗಿ ನಿಧಾನವಾಗಿ ಹೇಳಿದರು.

ಅದು ಹೃದಯ ಸೋಲುತ್ತಿರುವ ಲಕ್ಷಣವಾಗಿತ್ತು. ಮಲಗಿದಾಗ ಕಾಲು ಹೊಟ್ಟೆಗಳಿಂದ ಹೆಚ್ಚಿನ ರಕ್ತ ಎದೆಯತ್ತ ಮರಳುತ್ತದೆ. ಬಲಗುಂದಿದ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಅಷ್ಟನ್ನು ಮುಂದಕ್ಕೆ ತಳ್ಳಲಾರದೆ ಹೋದಾಗ ಶ್ವಾಸಕೋಶದಲ್ಲಿ ಒತ್ತಡ ಏರಿ ನೀರು ಸೇರುತ್ತದೆ, ಊದಿಕೊಂಡು ಕಿರಿದಾದ ಶ್ವಾಸನಾಳಗಳು ಅಸ್ತಮಾದಲ್ಲಿರುವಂತೆಯೇ ಸಿಳ್ಳು ಹಾಕಬಹುದು. ಈ ವಿವರಣೆಯನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಪ್ರಾಧ್ಯಾಪಕರು ಉಬ್ಬಿದ ಕುತ್ತಿಗೆಯ ರಕ್ತನಾಳವನ್ನು, ಶ್ವಾಸಕೋಶದ ಬುಡದ ಚರಚರ ಸದ್ದನ್ನು ತೋರಿಸಿ, ಹೊದಿಕೆ ಸರಿಸಿ ಕಣಕಾಲನ್ನು ಒತ್ತಿದರು. ಬೆರಳಿನ ಗುಂಡಿ ಹಾಗೆಯೇ ಉಳಿಯಿತು. ನಾನು ಹೊದಿಕೆಯನ್ನೇ ಸರಿಸಿರಲಿಲ್ಲ. ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: 'ನಿಮಗೂ ಇದನ್ನೇ ಹೇಳಲು ಹೊರಟಿದ್ದರು. ನೀವು ದೂಳಿನ ವಿಷಯ ಕೇಳಿಬಿಟ್ಟಿರಿ.'

ಇದು ನನ್ನೊಬ್ಬನ ದೋಷವಲ್ಲ ಎಂಬುದು ಮುಂದೆ ಓದಿನಿಂದ ತಿಳಿಯಿತು. ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಅದಕ್ಕೂ ಮೊದಲು, 1975ರಲ್ಲಿ, ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳನ್ನು ಗಮನಿಸಿದಾಗ, 66 ಮಂದಿಯಲ್ಲಿ ಕಳುಹಿಸಿದ ವೈದ್ಯರ ಪತ್ರ ಮತ್ತು ರೋಗಿಯ ಮಾತುಗಳಿಂದಲೇ ಸರಿಯಾದ ರೋಗನಿರ್ಣಯ ಸಾಧ್ಯವಾಗಿತ್ತು. ಸ್ಕ್ಯಾನ್‌ಗಳು ಸುಲಭವಾಗಿ ದೊರೆಯುವ ಇಂದು ಆ ಪ್ರಮಾಣ ಹಾಗೆಯೇ ಉಳಿದಿರಬೇಕೆಂದಿಲ್ಲ. ಆದರೆ ಯಾವ ಸ್ಕ್ಯಾನ್ ಬೇಕು ಎಂಬುದನ್ನು ನಿರ್ಧರಿಸಲು ನಾನು ಈಗಲೂ ಮೊದಲು ಆಧರಿಸುವುದು ರೋಗಿಯ ಮಾತನ್ನೇ.

ತಿದ್ದಿಕೊಳ್ಳಲು ನಾನು ಮಾಡಿದ ಕೆಲಸ ಸರಳವಾಗಿತ್ತು, ಆದರೆ ದೀರ್ಘಕಾಲ ಹಿಡಿಯಿತು. ರೋಗಿಯೊಡನೆ ಮಾತಿಗೆ ಕುಳಿತಾಗ ಪೆನ್ನು ಮುಚ್ಚಿಡುತ್ತಿದ್ದೆ. ಸಹಪಾಠಿಯೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿ, ನಾನು ಎಲ್ಲಿ ಮಾತು ತುಂಡರಿಸಿದೆ ಎಂಬುದನ್ನು ಗುರುತು ಹಾಕಿಕೊಳ್ಳಲು ಕೇಳಿಕೊಂಡೆ. ಅವನು ರೋಗಿಯ ಬಳಿ ಕುಳಿತಾಗ ಅದೇ ಕೆಲಸ ನನ್ನದು. ಮಾತು ನಿಂತ ಕೂಡಲೇ ಮುಂದಿನ ಪ್ರಶ್ನೆ ಎಸೆಯದೆ ಕಾಯುವುದು ನನಗೆ ಎಲ್ಲಕ್ಕಿಂತ ಕಷ್ಟವೆನಿಸಿತು, ಮತ್ತು ಎಷ್ಟೋ ರೋಗಿಗಳು ತಮ್ಮ ನಿಜವಾದ ಭಯವನ್ನು ಹೇಳಿದ್ದು ಆ ಮೌನದಲ್ಲಿಯೇ.

ಕೈಗೂ ಇಂಥದ್ದೇ ಸಾಧನೆ ಬೇಕಾಯಿತು. ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿ ತಿಳಿಯುವ ವಿಧಾನವನ್ನು ಆಸ್ಟ್ರಿಯಾದ ವೈದ್ಯ ಔಎನ್‌ಬ್ರುಗ್ಗರ್ 1761ರಲ್ಲಿಯೇ ಪ್ರಕಟಿಸಿದ್ದರು. ಆದರೆ ಗಾಳಿ ತುಂಬಿದ ಭಾಗದ ಸದ್ದಿಗೂ ನೀರು ತುಂಬಿದ ಭಾಗದ ಮೊದ್ದು ಸದ್ದಿಗೂ ಇರುವ ಅಂತರ ಪುಸ್ತಕದಿಂದ ಕೈಗೆ ಇಳಿಯುವುದಿಲ್ಲ. ನನ್ನ ತೊಡೆಯ ಮೇಲೆ, ಮೇಜಿನ ಮೇಲೆ, ನನ್ನದೇ ಪಕ್ಕೆಲುಬುಗಳ ಮೇಲೆ ತಟ್ಟುತ್ತ, ಯಕೃತ್ತು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿದ್ದೆ.

ಈಗ ನಾನೇ ಕಲಿಸುವ ಸ್ಥಾನದಲ್ಲಿದ್ದೇನೆ. ನಮ್ಮ ತರಬೇತಿಯ ದೊಡ್ಡ ಕೊರತೆಯೆಂದರೆ, ವಿದ್ಯಾರ್ಥಿ ಬರೆದು ತಂದ ಕೇಸನ್ನು ನಾವು ಕೇಳುತ್ತೇವೆಯೇ ಹೊರತು, ಆತ ರೋಗಿಯೊಂದಿಗೆ ಮಾತನಾಡುವುದನ್ನು ಕುಳಿತು ನೋಡುವುದಿಲ್ಲ. 1975ರಲ್ಲಿ ಹಾರ್ಡನ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿದ, ಸ್ಟೇಷನ್‌ನಿಂದ ಸ್ಟೇಷನ್‌ಗೆ ಸಾಗುತ್ತ ಕೌಶಲಗಳನ್ನು ತೋರಿಸುವ ಆಸ್ಕಿ (OSCE) ಎಂಬ ಪ್ರಾಯೋಗಿಕ ಪರೀಕ್ಷೆ ಈ ಕೊರತೆಯನ್ನು ಸ್ವಲ್ಪ ತುಂಬಿದೆ, ಮತ್ತು ಎಲ್ಲರಿಗೂ ಒಂದೇ ಅಳತೆಗೋಲು ಇಡುವ ಆ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಆದರೂ ಕೆಲವೇ ನಿಮಿಷಗಳ ಸ್ಟೇಷನ್‌ನಲ್ಲಿ ಕಾಯುವ ಗುಣ ಬೆಳೆಯದು. ಆದ್ದರಿಂದ ವಾರಕ್ಕೊಮ್ಮೆಯಾದರೂ ಒಬ್ಬೊಬ್ಬ ವಿದ್ಯಾರ್ಥಿಯ ಹಿಂದೆ ಕುಳಿತು, ರೋಗಿಯ ಒಪ್ಪಿಗೆ ಪಡೆದು, ಇಡೀ ಸಂಭಾಷಣೆಯನ್ನು ನಡುವೆ ಮಾತನಾಡದೆ ಕೇಳುತ್ತೇನೆ. ಬಳಿಕ ಬೇರೆ ಕೋಣೆಯಲ್ಲಿ, ರೋಗಿ ಹೇಳಿದ್ದನ್ನು ವೈದ್ಯಕೀಯ ಪದಗಳಿಲ್ಲದೆ ಅವರದೇ ಮಾತಿನಲ್ಲಿ ಹೇಳಲು ವಿದ್ಯಾರ್ಥಿಯನ್ನು ಕೇಳುತ್ತೇನೆ. ಹೇಳುತ್ತ ಹೋದಂತೆ, ಎಲ್ಲಿ ತನಗೆ ಗೊತ್ತಿಲ್ಲ ಎಂಬುದು ವಿದ್ಯಾರ್ಥಿಗೇ ಕಾಣತೊಡಗುತ್ತದೆ. ಉತ್ತರವನ್ನು ನಾನು ಕೊಡುವುದಿಲ್ಲ. ಬಿಟ್ಟುಹೋದ ಪ್ರಶ್ನೆಯೊಂದಿಗೆ ಅವರು ಮತ್ತೆ ಅದೇ ಹಾಸಿಗೆಯ ಪಕ್ಕಕ್ಕೆ ಹೋಗುತ್ತಾರೆ, ನಾನೂ ಜೊತೆಗೆ ಹೋಗಿ ಸ್ಟೂಲ್ ಎಳೆದುಕೊಳ್ಳುತ್ತೇನೆ.