ಬೆಳಿಗ್ಗೆ ಮಾತ್ರ ಸೀಟಿ ಹೊಡೆಯುವ ಎಸ್ಟೀಮ್: ಹೊಗೆ ಬಿಟ್ಟು ಹಿಡಿದ ವ್ಯಾಕ್ಯೂಮ್ ಲೀಕ್

"ಹೊಗಿ ಬಿಟ್ಟರ ಏನ್ ಸಿಗತೈತ್ರಿ, ಚೋಕ್ ಕ್ಲೀನರ್ ಹೊಡದ ನೋಡ್ರಿ ಸಾಕು" ಅನ್ನುವವರೇ ಹುಬ್ಬಳ್ಳಿಯ ನಮ್ಮ ಮಿಸ್ತ್ರಿಗಳಲ್ಲಿ ಹೆಚ್ಚು. ಈ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಮಾರುತಿ ಎಸ್ಟೀಮ್ ಕಾರಿನ ಮೇಲೆ ಚೋಕ್ ಕ್ಲೀನರ್ ಎರಡು ಡಬ್ಬಿ ಆಗಲೇ ಖಾಲಿಯಾಗಿತ್ತು; ಲೀಕ್ ಇರುವ ಜಾಗಕ್ಕೆ ಈ ಸ್ಪ್ರೇ ಬಿದ್ದರೆ ಎಂಜಿನ್ ಸದ್ದು ಬದಲಾಗುತ್ತದೆ ಎನ್ನುವ ಲೆಕ್ಕ. ಆಲ್ಟರ್ನೇಟರ್ ಬೇರಿಂಗ್, ಬೆಲ್ಟ್, ಐಡಲ್ ವಾಲ್ವ್ ಎಲ್ಲ ಬದಲಾಗಿ ಮಾಲೀಕರ ಏಳೆಂಟು ಸಾವಿರ ಹೋಗಿತ್ತು. ಸೀಟಿ ಹೋಗಿರಲಿಲ್ಲ. ಎಂಜಿನ್ ಎಲ್ಲಿಂದ ಕದ್ದು ಗಾಳಿ ಎಳೆಯುತ್ತಿದೆ (ಅದೇ ವ್ಯಾಕ್ಯೂಮ್ ಲೀಕ್) ಎಂದು ಹುಡುಕಲು ಹೊಗೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷದೊಳಗೆ ಜಾಗ ಸಿಕ್ಕಿತು, ಒಂದು ಗ್ಯಾಸ್ಕೆಟ್‌ನಲ್ಲಿ ಕೆಲಸ ಮುಗಿಯಿತು.

ಲಕ್ಷಣ ಹೀಗಿತ್ತು: ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಆದ ಕೂಡಲೇ ಸೀಟಿ, ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) 1700-1800 ಆರ್‌ಪಿಎಂ. ಥ್ರಾಟಲ್ ಸ್ವಲ್ಪ ತೆರೆದರೆ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ) ವ್ಯಾಕ್ಯೂಮ್ ಬಿದ್ದು ಸದ್ದು ನಿಲ್ಲುತ್ತಿತ್ತು. ಹತ್ತು ನಿಮಿಷ ಓಡಿದರೆ ಪೂರ್ತಿ ಮಾಯ. ಗ್ಯಾರೇಜ್ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು, ಅದಕ್ಕೇ ಯಾರಿಗೂ ಸಿಕ್ಕಿರಲಿಲ್ಲ. ನಾನು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ.

ಮೊದಲು ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿದೆ. ವಾಟರ್ ಪಂಪೂ ಅದೇ ಬೆಲ್ಟಿನ ಮೇಲಿದೆ, ಅದಕ್ಕಿಂತ ಹೆಚ್ಚು ಓಡಿಸಬಾರದು. ಸೀಟಿ ಉಳಿಯಿತು, ಅಂದರೆ ಬೇರಿಂಗ್ ಲೆಕ್ಕಕ್ಕಿಲ್ಲ. ಎಂಜಿನ್ ಬಂದ್ ಮಾಡಿ ಬ್ರೇಕ್ ಪೆಡಲ್ ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಪೆಡಲ್ ಕೆಳಗಿಳಿಯಿತು, ಸೀಟಿಯ ಸ್ವರ ಬದಲಾಗಲಿಲ್ಲ. ಅಂದರೆ ಬೂಸ್ಟರ್ (ವ್ಯಾಕ್ಯೂಮ್‌ನಿಂದ ಬ್ರೇಕಿಗೆ ಬಲ ಕೊಡುವ ಡಬ್ಬಿ) ಸರಿ ಇದೆ. ಆಯಿಲ್ ಮುಚ್ಚಳ ತೆಗೆದಾಗ ಸೀಟಿ ನಿಂತರೆ ಪಿಸಿವಿ (ಎಂಜಿನ್ ಒಳಗಿನ ಹಬೆಯನ್ನು ಮ್ಯಾನಿಫೋಲ್ಡ್‌ಗೆ ಬಿಡುವ ವಾಲ್ವ್) ಕಡೆಯಿಂದ ಎಳೆತ ಹೆಚ್ಚಾಗಿ ಕ್ರ್ಯಾಂಕ್ ಸೀಲ್ ಕೂಗುತ್ತಿದೆ ಎಂದರ್ಥ. ಇಲ್ಲಿ ಅದೂ ಅಲ್ಲ. ಸಣ್ಣ ಹೋಸ್‌ಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಪಕ್ಕಡದಿಂದ ಹಿಸುಕಿದೆ. ಬದಲಾವಣೆ ಇಲ್ಲ.

ವ್ಯಾಕ್ಯೂಮ್ ಗೇಜ್ ಬೆಳಿಗ್ಗೆ 14 ಇಂಚಿನ (ಪಾದರಸದ ಲೆಕ್ಕ) ಸುತ್ತ ನಡುಗುತ್ತಿತ್ತು, ಬಿಸಿಯಾದ ಮೇಲೆ 17. ಪುಸ್ತಕದ 18-21 ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ, ನಮ್ಮ ಹುಬ್ಬಳ್ಳಿ ಎರಡು ಸಾವಿರ ಅಡಿ ಮೇಲಿದೆ. ಇಲ್ಲಿ 17 ಬಂದರೆ ಎಂಜಿನ್ ಚೆನ್ನಾಗಿದೆ ಎಂದೇ ತಿಳಿಯಬೇಕು; ಅದಕ್ಕೆ ಹೆದರಿ ವಾಲ್ವ್ ಕೆಲಸಕ್ಕೆ ಕೈ ಹಾಕಿದವರನ್ನು ನೋಡಿದ್ದೇನೆ. ಇನ್ನೊಂದು ಮಾತು: ಕಾರ್ಬೊರೇಟರ್ ಗಾಡಿ ಲೀಕ್ ಆದರೆ ಐಡಲ್‌ನಲ್ಲಿ ನಡುಗಿ ಬಂದ್ ಆಗುತ್ತದೆ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್) ಇರುವ ಗಾಡಿಯಲ್ಲಿ ಒಳಬಂದ ಗಾಳಿಗೆ ತಕ್ಕಂತೆ ಪೆಟ್ರೋಲೂ ಹೆಚ್ಚುವುದರಿಂದ ಆರ್‌ಪಿಎಂ ಏರುತ್ತದೆ. ಮ್ಯಾಪ್ ಸೆನ್ಸರ್ ವೈರಿಗೆ ಮಲ್ಟಿಮೀಟರ್ ಹಚ್ಚಿಟ್ಟು, ಅನುಮಾನದ ಜಾಗಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಿ ವೋಲ್ಟೇಜ್ ಇಳಿಯುತ್ತದೆಯೇ ಎಂದೂ ನೋಡಿದೆ. ಕೈಗೆ ಎಟಕುವ ಲೀಕ್‌ಗೆ ಅದು ಒಳ್ಳೆಯ ಉಪಾಯ. ಈ ಲೀಕ್ ಕೈಗೆ ಎಟಕುವಂಥದ್ದಲ್ಲ. ಸ್ಪ್ರೇ ಸೋತದ್ದೂ ಇದಕ್ಕೇ: ಮೇಲಿಂದ ಹೊಡೆದದ್ದು ಮ್ಯಾನಿಫೋಲ್ಡ್‌ನ ತಳಕ್ಕೆ ತಲುಪುವ ಮೊದಲೇ ಬಿಸಿಗೆ ಆರಿಹೋಗುತ್ತದೆ, ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ.

ಹೊಗೆ ಮಾಡಲು ನಾನೇ ಕಟ್ಟಿದ ಡಬ್ಬಿ ಮೂರನೇ ಸಲಕ್ಕೆ ಸರಿಯಾಯಿತು: ಕಾದ ಪ್ಲಗ್ ಎಣ್ಣೆಯನ್ನು ಹೊಗೆ ಮಾಡುತ್ತದೆ, ಪಂಪ್ ಅದನ್ನು ಪೈಪಿಗೆ ತಳ್ಳುತ್ತದೆ. ಒಂದು ಲೀಟರ್ ಪೇಂಟ್ ಡಬ್ಬಿ, ಮುಚ್ಚಳಕ್ಕೆ ನಟ್ ಬ್ರೇಜ್ ಮಾಡಿ ಡೀಸೆಲ್ ಗಾಡಿಯ ಹೀಟರ್ ಪ್ಲಗ್, ಮೀನಿನ ತೊಟ್ಟಿಯ ಏರ್ ಪಂಪ್, ಎರಡು ನಿಪ್ಪಲ್. ಎಲ್ಲ ಸೇರಿ ಸಾವಿರ ರೂಪಾಯಿ ಹತ್ತಿರ. ಪ್ಲಗ್ ಹಳೇ 12 ವೋಲ್ಟಿನದೇ ಇರಬೇಕು. ಹೊಸ ಗಾಡಿಗಳ ಕಡಿಮೆ ವೋಲ್ಟಿನ ಪ್ಲಗ್ ಬ್ಯಾಟರಿಗೆ ನೇರ ಹಚ್ಚಿದರೆ ಸುಟ್ಟುಹೋಗುತ್ತದೆ; ನನ್ನದೊಂದು ಹಾಗೇ ಹೋಯಿತು, ಸುಮಾರು ₹400. ಹಳೇ ಎಂಜಿನ್ ಆಯಿಲ್ ಹಾಕಿದಾಗ ಹೊಗೆಗಿಂತ ಜಿಡ್ಡೇ ಹೆಚ್ಚು ಬಂತು. ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ 100 ಮಿಲಿ ಸಾಕು, ಹೊಗೆ ದಟ್ಟ, ಬಿಳಿ. ಪ್ಲಗ್‌ಗೆ ಎಣ್ಣೆ ಎಳೆದುಕೊಡುವ ಬತ್ತಿ ಹತ್ತಿಯದಾದರೆ ಕರಕಾಗುತ್ತದೆ. ಯಾವ ಬತ್ತಿ ಬಳಸುತ್ತೇನೆ, ಅದನ್ನು ಹೇಗೆ ಸುತ್ತುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ಒತ್ತಡ ಒಂದು ಪಿಎಸ್‌ಐ ಒಳಗೇ ಇರಬೇಕು, ಇಲ್ಲದಿದ್ದರೆ ಸೀಲ್‌ಗಳಿಗೆ ಪೆಟ್ಟು. ಹೊಗೆ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಕವಲಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಒಂದಡಿ ಆಳ ಮುಳುಗಿಸಿದೆ. ಒಂದಡಿ ನೀರು ಅಂದರೆ ಅರ್ಧ ಪಿಎಸ್‌ಐಗಿಂತ ತುಸು ಕಡಿಮೆ. ಅದನ್ನು ಮೀರಿದ್ದು ಗುಳ್ಳೆಯಾಗಿ ಹೊರಹೋಗುತ್ತದೆ. ಗೇಜಿನ ಖರ್ಚು ಉಳಿಯಿತು.

ಎಂಜಿನ್ ತಣ್ಣಗಿದೆ, ಇಗ್ನಿಷನ್ ಬಂದ್. ಥ್ರಾಟಲ್ ಬಾಯಿಗೆ ಸೈಕಲ್ ಟ್ಯೂಬ್ ರಬ್ಬರ್ ಬಿಗಿದು, ಬೂಸ್ಟರ್ ಹೋಸ್ ಬಿಚ್ಚಿ ಅದರಲ್ಲೇ ಹೊಗೆ ಬಿಟ್ಟೆ. ಡಬ್ಬಿಯಿಂದ ಗಾಡಿಗೆ ಎರಡು ಮೀಟರ್ ಪೈಪ್: ಹೊಗೆಯೂ ತಣಿಯುತ್ತದೆ, ಕಾದ ಪ್ಲಗ್ ಪೆಟ್ರೋಲಿನಿಂದ ದೂರವೂ ಇರುತ್ತದೆ. ಪ್ಲಗ್ ಇಪ್ಪತ್ತು ಸೆಕೆಂಡ್ ಆನ್, ಅಷ್ಟೇ ಹೊತ್ತು ಆಫ್. ಮೊದಲು ಸೈಲೆನ್ಸರ್‌ನಿಂದ ಹೊಗೆ ಬಂತು, ಒಂದು ಸಿಲಿಂಡರ್ ಓವರ್‌ಲ್ಯಾಪ್‌ನಲ್ಲಿತ್ತು, ಅಂದರೆ ಅದರ ಎರಡೂ ಕಡೆಯ ವಾಲ್ವ್ ಒಟ್ಟಿಗೆ ತೆರೆದಿದ್ದವು. ಕ್ರ್ಯಾಂಕ್ ಸ್ವಲ್ಪ ತಿರುಗಿಸಿದ ಮೇಲೆ ನಿಂತಿತು. ಡಿಪ್‌ಸ್ಟಿಕ್ ಕಡೆ ಬರುವ ಹೊಗೆಯ ಎಳೆ ಪಿಸಿವಿಯದು, ಅದನ್ನು ಲೀಕ್ ಎಂದು ತಿಳಿಯಬಾರದು. ಶೆಡ್ಡಿನ ಶಟರ್ ಎಳೆದು ಟಾರ್ಚ್ ಓರೆಯಾಗಿ ಹಿಡಿದಾಗ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಕಡೆ, ಮ್ಯಾನಿಫೋಲ್ಡ್‌ನ ಮೂರನೇ ರನ್ನರ್‌ನ (ಕೊಳವೆಯ) ತಳದಿಂದ ದಾರದಷ್ಟು ಹೊಗೆ ಏಳುತ್ತಿತ್ತು.

ಕೈ ಹಾಕಿ ನೋಡಿದರೆ ಮ್ಯಾನಿಫೋಲ್ಡ್‌ಗೆ ಕೆಳಗಿನಿಂದ ಆಸರೆ ಕೊಡುವ ಬ್ರಾಕೆಟ್ ಬೋಲ್ಟೇ ಇಲ್ಲ. ಹಿಂದೆ ಯಾರೋ ಬಿಚ್ಚಿ ಹಾಕಿರಲಿಲ್ಲ. ಮ್ಯಾನಿಫೋಲ್ಡ್ ಅದುರಿ ಅದುರಿ ಗ್ಯಾಸ್ಕೆಟ್ ಅಂಚು ಸೀಳಿತ್ತು. ಅಲ್ಯೂಮಿನಿಯಂ ತಣಿದು ಕುಗ್ಗಿದಾಗ ಸೀಳು ತೆರೆದು, ಕಾದು ಹಿಗ್ಗಿದಾಗ ಮುಚ್ಚುತ್ತಿತ್ತು. ದೊಡ್ಡ ತೂತು ಬುಸ್ ಅನ್ನುತ್ತದೆ, ಸೀಟಿಗೆ ಇಂಥ ಸಣ್ಣ ಸೀಳೇ ಬೇಕು.

ಕೂಲಂಟ್ ಇಳಿಸಿ ಮ್ಯಾನಿಫೋಲ್ಡ್ ತೆಗೆದೆ, ಅದರೊಳಗೆ ನೀರಿನ ದಾರಿ ಇದೆ. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ (ತೆಳು ಅಳತೆಪಟ್ಟಿ) ತೂರಿಸಿದಾಗ ಮುಖದ ಡೊಂಕು 0.10 ಮಿಮೀ ಒಳಗೇ ಇತ್ತು, ಲೇಥ್ ಖರ್ಚು ಬೀಳಲಿಲ್ಲ. ಮೊದಲಿನವರು ಮೆತ್ತಿದ ಸಿಲಿಕಾನ್ ಪೆಟ್ರೋಲಿಗೆ ಮೆತ್ತಗಾಗಿ ಒಳಗೆ ಜೋತಿತ್ತು. ಎಲ್ಲ ಕೆರೆದು ಹೊಸ ಗ್ಯಾಸ್ಕೆಟ್ ಒಣದಾಗಿಯೇ ಹಾಕಿ, ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಸುಮಾರು 23 ನ್ಯೂಟನ್-ಮೀಟರ್‌ಗೆ ಬಿಗಿದೆ. ಬ್ರಾಕೆಟ್ ಬೋಲ್ಟನ್ನು ಕೊನೆಗೆ ಹಾಕಿದೆ. ಅದನ್ನು ಮೊದಲೇ ಬಿಗಿದರೆ ಮ್ಯಾನಿಫೋಲ್ಡ್ ಓರೆಯಾಗಿ ಕೂರುತ್ತದೆ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಐಡಲ್ 1200ರ ಆಸುಪಾಸು, ಗೇಜಿನ ಮುಳ್ಳು ನಿಶ್ಚಲ. ಬಿಸಿಯಾದ ಮೇಲೆ 850, ವ್ಯಾಕ್ಯೂಮ್ ಹದಿನೇಳೂವರೆ. ಗ್ಯಾಸ್ಕೆಟ್, ಕೂಲಂಟ್, ಬೋಲ್ಟ್ ಸೇರಿ ಆರುನೂರು ಚಿಲ್ಲರೆ, ಕೂಲಿ ₹1,500. ಚೋಕ್ ಕ್ಲೀನರ್ ಹೊಡೆಯಿರಿ ಎಂದವರಲ್ಲಿ ಇಬ್ಬರು ಈಗ ಡಬ್ಬಿಯ ಅಳತೆ ಬರೆದುಕೊಂಡು ಹೋಗಿದ್ದಾರೆ.