ಹಳೇ ಮಂಗಳೂರು ಹೆಂಚು ಎಸೆಯಬೇಡಿ, ಸ್ಲ್ಯಾಬ್ ಒಳಗೇ ಕೂರಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿರುವವರು ಗಮನಿಸಿ, ಆ ಮಂಗಳೂರು ಹೆಂಚುಗಳನ್ನು ಹೊಸ ಸ್ಲ್ಯಾಬಿನ ಒಳಗೇ ಕೂರಿಸಬಹುದು. ಇದಕ್ಕೆ ಫಿಲ್ಲರ್ ಸ್ಲ್ಯಾಬ್ ಅಂತಾರೆ, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬಹಳ ಬಳಸಿದರು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣದ ಸರಳು, ಸರಳುಗಳ ನಡುವಿನ ಕಾಂಕ್ರೀಟ್ ಅಲ್ಲಿ ಬಹುಪಾಲು ಸುಮ್ನೆ ಭಾರ. ಆ ಜಾಗದಲ್ಲಿ ಹೆಂಚು ಇಟ್ಟರೆ ಸಿಮೆಂಟೂ ಉಳಿಯುತ್ತದೆ, ತೂಕವೂ ಇಳಿಯುತ್ತದೆ. ಎರಡೆರಡು ಹೆಂಚು ಒಂದರ ಮೇಲೊಂದು ಇಟ್ಟರೆ ನಡುವೆ ಗಾಳಿ ಉಳಿದು, ಏಪ್ರಿಲ್ ಬಿಸಿಲಲ್ಲೂ ಕೋಣೆ ಕಾಯುವುದು ಕಡಿಮೆ. ಆರಿಸುವಾಗ ಬೆರಳಗೆಣ್ಣಿನಿಂದ ತಟ್ಟಿ ನೋಡಿ: ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಸೀಳಿರುತ್ತದೆ. ಪಾಚಿ ಉಜ್ಜಿ ತೆಗೆದು ನೀರಲ್ಲಿ ನೆನೆಸಿಯೇ ಇಡಿ, ಒಣ ಹೆಂಚು ಕಾಂಕ್ರೀಟಿನ ನೀರನ್ನೇ ಹೀರಿಬಿಡುತ್ತದೆ. ಬಾಲ್ಕನಿ, ಛಜ್ಜಾ ಹೀಗೆ ಹೊರಚಾಚಿದ ಕಡೆ ಮಾತ್ರ ಬೇಡವೇ ಬೇಡ, ಅಲ್ಲಿ ಎಳೆತ ಬರುವುದು ಮೇಲ್ಭಾಗದಲ್ಲಿ, ಲೆಕ್ಕವೇ ಉಲ್ಟಾ. ಗೋಡೆ, ಬೀಮಿನ ಅಂಚಿಗೂ ಇಡಬೇಡಿ. ಸರಳಿನ ಅಂತರವನ್ನು ಎಂಜಿನಿಯರ್ ಹತ್ತಿರವೇ ಲೆಕ್ಕ ಹಾಕಿಸಿ. ಕಾಂಕ್ರೀಟ್ ಸುರಿಯುವ ದಿನ ನೀವೇ ನಿಂತು ನೋಡಿಕೊಳ್ಳಿ, ಹೆಂಚು ಜಾಸ್ತಿ ಒಡೆಯುವುದು ಆಗ ಕೆಲಸದವರ ಕಾಲಡಿಯಲ್ಲೇ.